ಯಾರ ಮಳೆಯನ್ನು ನಂಬಿ ಈ ಯೋಜನೆ?

ನಿನ್ನೆ ಸಂಜೆ ದುಬೈನಲ್ಲಿ ಹವಾಮಾನದ ಕುರಿತ ಒಂದು ಉಪನ್ಯಾಸಕ್ಕೆ ಹೋಗಿ ಬಂದೆ. ರಾತ್ರಿಯೆಲ್ಲ ಕೋಪ ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೌರಶಕ್ತಿ, ವಿದ್ಯುತ್ ಕಾರು, 2035ರ ವೇಳೆಗೆ ಹಸಿರುಮನೆ ಅನಿಲವನ್ನು 2019ರ ಮಟ್ಟಕ್ಕಿಂತ ಶೇ 47ರಷ್ಟು ತಗ್ಗಿಸುವ ಯುಎಇಯ ಗುರಿ, ಎಲ್ಲವನ್ನೂ ಚೆನ್ನಾಗಿಯೇ ವಿವರಿಸಿದರು. ಕೊನೆಗೆ ನಾನು ಎದ್ದು, ‘ಅಕ್ಕಿ ಬೆಳೆಯುವ ಕಡೆ ಬರ ಬಿದ್ದರೆ?’ ಎಂದು ಕೇಳಿದೆ. ‘ಆಮದು ಮಾಡಿಕೊಳ್ಳುತ್ತೇವೆ’ ಎಂದರು. ಅಷ್ಟೇ.

ಆಮದು ಎಂದರೆ ಬೇರೆಯವರ ಊರಿನ ಮಳೆಯನ್ನು ನಂಬಿ ಒಲೆ ಹಚ್ಚುವುದು. ಸಿಂಧನೂರಿನ ಗದ್ದೆಯ ಬದುವಿನ ಮೇಲೆ ಬೆಳೆದು ಇಲ್ಲಿ ಧಾನ್ಯದ ಗೋದಾಮಿನಲ್ಲಿ ಲೆಕ್ಕ ಬರೆಯುವ ನನಗೆ ಇದು ಚೆನ್ನಾಗಿ ಗೊತ್ತು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ತಿಂಗಳು ಮುಗಿಯುವುದರೊಳಗೆ ಯುಎಇ ಕೂಡ ಅಕ್ಕಿ ಹೊರಹೋಗದಂತೆ ನಾಲ್ಕು ತಿಂಗಳ ತಡೆ ಹಾಕಿತು. ಅದೇ ಜುಲೈಯಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದೆ ಜನರಿಗೆ ಹಣ ಕೊಡತೊಡಗಿತ್ತು. ಮುಂದೆ ಬಂದ ಆಗಸ್ಟ್, 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ನಿಷೇಧದ ಸುದ್ದಿ ಓದಿದ ಸಂಜೆ ನಾನೂ ಓಡಿಹೋಗಿ ಮೂರು ಮೂಟೆ ಸೋನಾ ಮಸೂರಿ ತಂದಿಟ್ಟುಕೊಂಡೆ. ಮನೆಯಲ್ಲಿರುವವರು ಇಬ್ಬರು. ನನ್ನ ಹಿಂದೆ ನಿಂತಿದ್ದ ಕಟ್ಟಡ ಕಾರ್ಮಿಕರೊಬ್ಬರು ಬೆಲೆ ಕೇಳಿ, ಎರಡು ಕಿಲೋ ಸಾಕು ಎಂದರು. ಅವರ ಮುಖ ಇನ್ನೂ ನನ್ನನ್ನು ಬಿಟ್ಟಿಲ್ಲ.

‘ಇಲ್ಲಿಯವರಿಗೆ ದುಡ್ಡಿದೆ, ಕೊಳ್ಳುತ್ತಾರೆ ಬಿಡು’ ಎಂದು ಕಾರಿನಲ್ಲಿ ಸ್ನೇಹಿತ ಹೇಳಿದ. ಮಾರುವವನೇ ಬಾಗಿಲು ಹಾಕಿದ ಮೇಲೆ ದುಡ್ಡು ಏನು ಮಾಡೀತು? ದುಡ್ಡಿದ್ದ ಸೌದಿ ಅರೇಬಿಯ ಮರಳುಗಾಡಿನಲ್ಲೇ ಗೋಧಿ ಬೆಳೆದು ರಫ್ತನ್ನೂ ಮಾಡಿತು. ಸಾವಿರಾರು ವರ್ಷಗಳಿಂದ ನೆಲದಾಳದಲ್ಲಿ ನಿಂತಿದ್ದ, ಮತ್ತೆ ತುಂಬದ ನೀರು ಅದಕ್ಕೆ ಬರಿದಾಗುತ್ತ ಬಂತು. 2008ರಲ್ಲಿ ಹಿಂದೆ ಸರಿಯಲು ತೀರ್ಮಾನಿಸಿ, 2016ರಲ್ಲಿ ರೈತರಿಂದ ಗೋಧಿ ಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ಅರಬ್ ನಾಡುಗಳಿಗೆಲ್ಲ ದುಡ್ಡಿದೆ ಎನ್ನುವುದೂ ಸುಳ್ಳು. ಈಜಿಪ್ಟಿನವರು ರೊಟ್ಟಿಗೆ ‘ಐಶ್’ ಎನ್ನುತ್ತಾರೆ. ಆ ಪದಕ್ಕೆ ಬದುಕು ಎಂದೂ ಅರ್ಥ. ಅವರು ಆಮದು ಮಾಡಿಕೊಳ್ಳುವ ಗೋಧಿ ಬಹುಪಾಲು ರಷ್ಯಾ, ಉಕ್ರೇನಿನಿಂದ ಬರುತ್ತಿತ್ತು. 2022ರಲ್ಲಿ ಆ ಎರಡು ದೇಶಗಳ ನಡುವೆಯೇ ಯುದ್ಧ ಹೊತ್ತಿತು. ಮೂರು ದಶಕ ಐದು ಪಿಯಾಸ್ಟರ್‌ಗೆ (ನಮ್ಮ ಪೈಸೆಯಂಥ ಅಲ್ಲಿಯ ಚಿಲ್ಲರೆ) ಸಿಗುತ್ತಿದ್ದ ಸಬ್ಸಿಡಿ ರೊಟ್ಟಿಗೆ 2024ರ ಜೂನ್‌ನಿಂದ ಇಪ್ಪತ್ತು. ಇತ್ತ ಸಮುದ್ರದ ಉಪ್ಪು ನೈಲ್ ಮುಖಜಭೂಮಿಯ ಹೊಲಗಳಿಗೆ ನುಗ್ಗುತ್ತಿದೆ. ಅಲ್ಲಿಯ ಬಡವರ ಮುಂದೆ ನಿಂತು ಆಮದು ಮಾಡಿಕೊಳ್ಳುತ್ತೇವೆ ಎಂದು ಯಾರಾದರೂ ಅಷ್ಟು ಸಲೀಸಾಗಿ ಹೇಳಬಲ್ಲರೆ?

ನನ್ನನ್ನು ಹೆಚ್ಚು ಕೆರಳಿಸಿದ್ದು ಬೇರೆ. ಕೃಷಿಯನ್ನೂ ಆಹಾರವನ್ನೂ ರಾಷ್ಟ್ರೀಯ ಹವಾಮಾನ ಯೋಜನೆಗಳೊಳಗೆ ತರುತ್ತೇವೆಂಬ ಘೋಷಣೆ 2023ರ ಡಿಸೆಂಬರಿನಲ್ಲಿ ಇದೇ ದುಬೈನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಹೊರಟಿತ್ತು. ಹೊರಟ ದಿನವೇ 134 ದೇಶಗಳು ಅದಕ್ಕೆ ಒಪ್ಪಿದ್ದವು. ಅದೇ ಊರಿನಲ್ಲಿ ಅಕ್ಕಿಯ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ! ಯಾರ ಹೊಳೆ, ಯಾರ ಕಾಲುವೆ, ಅಲ್ಲಿ ಬೆಳೆ ಕೈಕೊಟ್ಟರೆ ಮುಂದೇನು ಎಂಬುದು ಯೋಜನೆಯಲ್ಲೇ ಇರಬೇಕು.

ಆ ಉಪನ್ಯಾಸಕರ ವಿಳಾಸ ಸಿಕ್ಕಿದೆ, ಈ ವಾರವೇ ಪತ್ರ ಬರೆಯುತ್ತೇನೆ. 2024ರ ಆಗಸ್ಟಿನಲ್ಲಿ, ಸಿಂಧನೂರಿನ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿಯಿಂದ ಶುರುಮಾಡುತ್ತೇನೆ. ಮರುದಿನ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ನಾಟಿ ಮಾಡಿದ್ದಕ್ಕೆ ನೀರು ಉಳಿಯುತ್ತದೇನೋ?’