ಪರ-ವಿರೋಧ: ‘ಡೆಫ್ ಬಾಯ್’ ಅನ್ನೋದಾ, ‘ಎ ಬಾಯ್ ಹೂ...’ ಅನ್ನೋದಾ?

ಪ್ರಶ್ನೆ ಇಷ್ಟು: ಇಂಗ್ಲಿಷಲ್ಲಿ ‘ಡೆಫ್ ಬಾಯ್’, ‘ಬ್ಲೈಂಡ್ ಮ್ಯಾನ್’ ಅಂತ ನೇರವಾಗಿ ಬರೀಬೇಕಾ, ಇಲ್ಲ ಮನುಷ್ಯನ್ನ ಮೊದಲು ಇಟ್ಟು ಅವನಿಗೆ ಏನಾಗುತ್ತೆ, ಏನಾಗಲ್ಲ ಅನ್ನೋದನ್ನ ಆಮೇಲೆ ಒಂದು ‘ಹೂ’ (who) ಸೇರಿಸಿ ಹೇಳಬೇಕಾ?

ಪರ

ನನ್ನ ಹತ್ರ ಎರಡು ಕಾಗದ ಇವೆ, ಎರಡೂ ನನ್ನ ಮಗನ ಬಗ್ಗೆ, ಎರಡೂ ಇಂಗ್ಲಿಷಲ್ಲಿ. ಮೊದಲನೇದು ಅವನು ಒಂದನೇ ಕ್ಲಾಸಲ್ಲಿದ್ದಾಗ ಶಾಲೆಯಿಂದ ಬಂದಿದ್ದು. ‘ಎ ಬಾಯ್ ಹೂ ಕೆನಾಟ್ ಫಾಲೋ ಇನ್‌ಸ್ಟ್ರಕ್ಷನ್ಸ್’ ಅಂತ ಬರ್ದು ಕೆಳಗೆ ಸೀಲ್ ಹೊಡೆದಿದ್ರು. ಓದಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮಾರನೇ ದಿನ ಹೋಗಿ ಕೇಳ್ದೆ, ಯಾವ ಇನ್‌ಸ್ಟ್ರಕ್ಷನ್ ಮೇಡಂ, ಎಲ್ಲಿ ನಿಂತ್ಕೊಂಡು ಹೇಳಿದ್ರಿ ಅಂತ. ಅವ್ರು ಬೋರ್ಡ್ ಮೇಲೆ ಬರೀತಾ, ಮಕ್ಕಳಿಗೆ ಬೆನ್ನು ಹಾಕ್ಕೊಂಡು ಹೇಳಿದ್ದಂತೆ. ಉಳಿದವರೆಲ್ಲ ಪುಸ್ತಕ ತೆಗೆದ್ರು, ಇವನು ಮಾತ್ರ ತೆಗೀಲಿಲ್ಲ.

ಅಲ್ಲಿಂದ ಶುರುವಾಗಿದ್ದು ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ನಮ್ಮ ಓಡಾಟ. ಮಾನಸಗಂಗೋತ್ರಿ ಒಳಗೆ ಸದ್ದೇ ಬರದ ಒಂದು ಚಿಕ್ಕ ರೂಮಲ್ಲಿ ಹೆಡ್‌ಫೋನ್ ಹಾಕಿ ಕೂರ್ಸಿದ್ರು, ಸದ್ದು ಕೇಳಿದ ತಕ್ಷಣ ಕೈ ಎತ್ತು ಪುಟ್ಟ ಅಂದ್ರು. ನಾನು ಗಾಜಿನ ಈಚೆ ಕಡೆ. ಬಲಗಿವಿ ಪರೀಕ್ಷೆ ಮಾಡುವಾಗ ಆಗಾಗ ಕೈ ಎದ್ದಿತು, ಎಡಗಿವಿ ಸರದಿ ಬಂದಾಗ ತೊಡೆ ಮೇಲಿಟ್ಟ ಕೈ ಅಲ್ಲೇ ಇತ್ತು, ಇನ್ನೂ ಶುರು ಮಾಡಿಲ್ವೇನೋ ಅಂತ ನನ್ನ ಮುಖ ನೋಡ್ತಾ ಇದ್ದ. ಆಮೇಲೆ ಕೊಟ್ಟ ಗ್ರಾಫಲ್ಲಿ ಬಲಗಿವಿಯ ಕೆಂಪು ಸೊನ್ನೆಗಳು ನಡುವಲ್ಲೆಲ್ಲೋ ಇದ್ವು, ಎಡಗಿವಿಯ ನೀಲಿ ಇಂಟು ಗುರುತುಗಳು ಪೂರ್ತಿ ತಳದಲ್ಲಿ. ಕೆಳಗೆ ಹೋದಷ್ಟೂ ಕೇಳೋದು ಕಮ್ಮಿ ಅಂತ.

ಎರಡನೇ ಕಾಗದ ಬೇರೆ ಶಾಲೆದು. ಅಲ್ಲಿನ ಕ್ಲಾಸ್ ಟೀಚರ್ ಅಟೆಂಡೆನ್ಸ್ ರಿಜಿಸ್ಟರ್ ಒಳಗೆ ಒಂದು ಚೀಟಿ ಅಂಟಿಸಿದ್ರು, ಬದಲಿ ಟೀಚರ್ ಬಂದ್ರೂ ಗೊತ್ತಾಗ್ಲಿ ಅಂತ. ‘ಎ ಬಾಯ್ ಹೂ ಹಿಯರ್ಸ್ ವಿತ್ ಹಿಸ್ ರೈಟ್ ಇಯರ್ ಅಂಡ್ ವಾಚಸ್ ಯುವರ್ ಲಿಪ್ಸ್.’ ಅಷ್ಟೇ. ಅದನ್ನ ಓದಿದ ಯಾರಾದ್ರೂ ಅವನನ್ನ ಎಡಗಡೆ ಕಿಟಕಿ ಪಕ್ಕದ ಮೊದಲನೇ ಬೆಂಚಲ್ಲಿ ಕೂರಿಸ್ತಾರೆ, ಬಲಗಿವಿ ಕ್ಲಾಸ್ ಕಡೆ ಇರುತ್ತೆ, ಮಾತಾಡುವಾಗ ಅವನ ಕಡೆ ತಿರುಗ್ತಾರೆ. ‘ಡೆಫ್ ಬಾಯ್’ ಅಂತ ಬರೆದಿದ್ರೆ ಏನು ಮಾಡ್ತಿದ್ರು ಹೇಳಿ? ಅಯ್ಯೋ ಪಾಪ ಅಂತ ಹಿಂದೆ ಕೂರಿಸಿ ಚಾಕ್ಲೇಟ್ ಕೊಡ್ತಿದ್ರು.

ನಾನು ಹೇಳೋದು ಇಷ್ಟೇ. ಹೈಸ್ಕೂಲಲ್ಲಿ ರಿಲೇಟಿವ್ ಕ್ಲಾಜ್ (ಹೀಗೆ ‘ಹೂ’ ಹಾಕಿ ಸೇರಿಸೋ ಉಪವಾಕ್ಯ) ಅಂದ್ರೆ ‘ಜಾಯಿನ್ ದ ಸೆಂಟೆನ್ಸಸ್ ಯೂಸಿಂಗ್ ಹೂ’ ಅನ್ನೋ ಎರಡು ಮಾರ್ಕ್ಸಿನ ಪ್ರಶ್ನೆ ಅಂತ ಕಲಿತಿದ್ವಿ, ಅದ್ರಲ್ಲಿ ಇಷ್ಟೆಲ್ಲ ಇದೆ ಅಂತ ಯಾರೂ ಹೇಳ್ಲಿಲ್ಲ. ‘ಹೂ’ ಹಾಕಿದ್ಮೇಲೆ ಒಂದು ಕ್ರಿಯಾಪದ ಹುಡುಕ್ಲೇಬೇಕು, ಅದನ್ನ ಹುಡುಕೋಕೆ ಆ ಮನುಷ್ಯನ ಕಡೆ ಒಂದ್ಸಲ ನೋಡ್ಲೇಬೇಕು. ‘ವೀಲ್‌ಚೇರಿಗೆ ಕನ್‌ಫೈನ್ಡ್’ ಅಂದ್ರೆ ಜೈಲಲ್ಲಿ ಇದ್ದ ಹಾಗೆ, ‘ಹೂ ಯೂಸಸ್ ಎ ವೀಲ್‌ಚೇರ್’ ಅಂದ್ರೆ ಅದೊಂದು ಗಾಡಿ, ಉಪಯೋಗಿಸ್ತಾರೆ, ಹಾಗಾದ್ರೆ ರ‍್ಯಾಂಪ್ ಎಲ್ಲಿ ಅಂತ ಮುಂದಿನ ಪ್ರಶ್ನೆ ಬರುತ್ತೆ. ಮತ್ತೆ ‘ಹೂ’ ಹಾಕಿ ಹೇಳಿದ್ದು ತಪ್ಪಾಗಿದ್ರೆ ತಪ್ಪು ಅಂತ ವಾದ ಮಾಡಬಹುದು, ನಾನು ಮಾಡ್ಲಿಲ್ವಾ ಆ ಮೊದಲನೇ ಕಾಗದದ ಮೇಲೆ? ‘ಡೆಫ್’ ಅಂತ ಹಣೆಗೆ ಅಂಟಿಸಿದ್ರೆ ವಾದಕ್ಕೆ ಜಾಗ ಎಲ್ಲಿದೆ.

ಇದು ನಂದೊಬ್ಬಳದೇ ಹಠ ಅಲ್ಲ. 1974ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಬುದ್ಧಿಮಾಂದ್ಯರು ಅಂತ ಕರೆಸಿಕೊಂಡವರೇ ಸೇರಿ, ನಾವು ಮೊದಲು ಮನುಷ್ಯರು ಅಂತ ‘ಪೀಪಲ್ ಫಸ್ಟ್’ ಅನ್ನೋ ಹೆಸರಿಟ್ಟುಕೊಂಡ್ರು. ಅಲ್ಲಿನ 1975ರ ಶಿಕ್ಷಣ ಕಾಯ್ದೆ ಹೆಸರಲ್ಲಿ ‘ಹ್ಯಾಂಡಿಕ್ಯಾಪ್ಡ್ ಚಿಲ್ಡ್ರನ್’ ಅಂತ ಇತ್ತು, 1990ರಲ್ಲಿ ಅದು ‘ಇಂಡಿವಿಜುವಲ್ಸ್ ವಿತ್ ಡಿಸೆಬಿಲಿಟೀಸ್’ ಆಯ್ತು. ಆ ‘ವಿತ್’ ಕೂಡ ಇದೇ ‘ಹೂ’ವಿನ ಮೊಗ್ಗು ಅನ್ಕೊಳ್ಳಿ. ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಪ್ಪಂದದಲ್ಲೂ ‘ಪರ್ಸನ್ಸ್’ ಮೊದಲು, ನಮ್ಮ ದೇಶದ 2016ರ ಕಾಯ್ದೆಯಲ್ಲೂ ಹಾಗೇ. ನಮ್ಮ ಗಾದೆಗಳನ್ನ ನೋಡಿ ಬೇಕಾದ್ರೆ, ಕುಣಿಲಾರದವಳು ನೆಲ ಡೊಂಕು ಅಂದ್ಲು, ಕೈಲಾಗದವನು ಮೈ ಪರಚ್ಕೊಂಡ. ಆಗದೇ ಇರೋದನ್ನೇ ಹಿಡ್ಕೊಂಡು ಹೆಸರಿಡೋದು, ಆಮೇಲೆ ನಗೋದು.

ಈಗ ವಿರೋಧದವರು ಬಂದು, ಅಮೆರಿಕದಲ್ಲಿ ಡೆಫ್ ಜನಾನೇ ತಮ್ಮನ್ನ ಡೆಫ್ ಅಂತಾನೇ ಕರೀರಿ ಅಂತಾರೆ, ದೊಡ್ಡ ‘ಡಿ’ ಹಾಕಿ ಬರೀತಾರೆ ಅಂತ ಹೇಳ್ತಾರೆ. ಇರಬಹುದು. ಅವ್ರಿಗೆ ವಾಷಿಂಗ್ಟನ್‌ನಲ್ಲಿ ಗ್ಯಾಲೊಡೆಟ್ ಅಂತ ಒಂದು ಯೂನಿವರ್ಸಿಟಿನೇ ಇದೆ, 1988ರಲ್ಲಿ ಸ್ಟ್ರೈಕ್ ಮಾಡಿ ಕಿವಿ ಕೇಳದವರನ್ನೇ ಪ್ರೆಸಿಡೆಂಟ್ ಮಾಡಿಸ್ಕೊಂಡ್ರು. ನನ್ನ ಮಗನಿಗೆ ಇರೋದು ಕಿಟಕಿ ಪಕ್ಕದ ಒಂದು ಬೆಂಚು.

ವಿರೋಧ

ನಿಜ ಹೇಳ್ಬೇಕಂದ್ರೆ ನಂಗೂ ಪರದ ಕಡೆನೇ ಬರೀಬೇಕಂತಿತ್ತು, ಅದು ಆಗ್ಲೇ ಬುಕ್ ಆಗಿದೆ, ನೀವು ವಿರೋಧ ಬರೀರಿ ಅಂದ್ರು. ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ ಮಾಡೋದು ನನ್ನ ಕೆಲಸ, ಆ ಕಡೆಯಿಂದ ಏನೋ ಹೇಳ್ತೀನಿ.

ಮೊದಲನೇದು, ‘ಟಾಲ್ ಮ್ಯಾನ್’ ಅಂತೀವಿ, ‘ಎ ಮ್ಯಾನ್ ಹೂ ಈಸ್ ಟಾಲ್’ ಅಂತ ಯಾರಾದ್ರೂ ಅಂತಾರಾ? ಸುತ್ತಿ ಬಳಸಿ ಹೇಳೋದು ಹೇಳಕ್ಕೆ ನಾಚಿಕೆ ಆಗೋ ವಿಷಯನ ಮಾತ್ರ. ಅಮೆರಿಕದ ನ್ಯಾಷನಲ್ ಫೆಡರೇಷನ್ ಆಫ್ ದ ಬ್ಲೈಂಡ್ ಅನ್ನೋ ಕುರುಡರದ್ದೇ ಸಂಘ 1993ರಲ್ಲಿ ಈ ಬಲವಂತದ ‘ಹೂ’, ‘ವಿತ್’ ಎಲ್ಲ ಬೇಡ ಅಂತ ನಿರ್ಣಯ ಮಾಡಿದ್ದು ಇದಕ್ಕೇ. ಅದೂ ಅಲ್ದೆ ಇಂಗ್ಲಿಷ್ ವಾಕ್ಯದಲ್ಲಿ ಒತ್ತು ಬೀಳೋದು ಕೊನೇಲಿ. ‘ಎ ಮ್ಯಾನ್ ಹೂ ಈಸ್ ಬ್ಲೈಂಡ್’ ಅಂತ ಜೋರಾಗಿ ಓದಿ ನೋಡಿ, ಕಿವೀಲಿ ಉಳಿಯೋದು ಮ್ಯಾನ್ ಅಲ್ಲ. ಮನುಷ್ಯ ಮೊದಲು ಅಂತ ಹೇಳಿ ಕುರುಡನ್ನ ಗೋಪುರದ ತುದಿಗೆ ಏರಿಸಿದ ಹಾಗೆ. ಇನ್ನು ಕ್ರಿಯಾಪದ ಹುಡುಕ್ಬೇಕು ಅಂತ ಹೊರಟ್ರೆ ಪ್ರತಿಯೊಬ್ಬರಿಗೂ ಒಂದೊಂದು ಪ್ಯಾರಾ ಬರೀಬೇಕಾಗುತ್ತೆ, ನಾನು ಪದಕ್ಕೆ ಇಷ್ಟು ಅಂತ ದುಡ್ಡು ತಗೊಳ್ಳೋನು, ನಂಗೇನೂ ನಷ್ಟ ಇಲ್ಲ ಬಿಡಿ. ಒಟ್ಟಲ್ಲಿ ಈ ‘ಹೂ’ವನ್ನ ನಮ್ಮ ಕಿವಿ ಮೇಲೆ ಇಡ್ತಿದಾರೆ ಅನ್ನೋದು ನನ್ನ ಅನುಮಾನ.

ಎರಡನೇದು ಕನ್ನಡದ್ದು. ಇಂಗ್ಲಿಷಿನವರ ಈ ಮರ್ಯಾದೆ ಇರೋದು ಪದಗಳ ಸಾಲಲ್ಲಿ, ನಮ್ಮಲ್ಲಿ ಆ ಸಾಲೇ ಉಲ್ಟಾ. ‘ಎ ಮ್ಯಾನ್ ಹೂ ಕೆನಾಟ್ ಸೀ’ ಅಂದ್ರೆ ‘ಕಣ್ಣು ಕಾಣದ ಮನುಷ್ಯ’, ಕಾಣದೇ ಇರೋದು ಮುಂದೆ, ಮನುಷ್ಯ ಹಿಂದೆ, ಏನ್ ತಿಪ್ಪರಲಾಗ ಹಾಕಿದ್ರೂ ಬದಲಾಗಲ್ಲ. ‘ಒಬ್ಬ ಮನುಷ್ಯ ಯಾರಿಗೆ ಕಣ್ಣು ಕಾಣುವುದಿಲ್ಲವೋ ಅವನು’ ಅಂತ ಬರೆದ್ರೆ ಕನ್ನಡ ಮೇಷ್ಟ್ರು ಕಿವಿ ಹಿಂಡ್ತಾರೆ. ಹಾಗಂತ ನಮಗೆ ಮರ್ಯಾದೆ ಗೊತ್ತಿಲ್ವಾ? ‘ಕಾಣದವನು’, ‘ಕಾಣದವರು’, ನಮ್ಮ ಮರ್ಯಾದೆ ಇರೋದು ಬಾಲದಲ್ಲಿ. ಇಂಗ್ಲಿಷಲ್ಲಿ ಆ ಬಾಲ ಇಲ್ಲ, ಅದಕ್ಕೇ ಪಾಪ ಅವ್ರು ‘ಹೂ’ ಕಟ್ಕೊಂಡು ಒದ್ದಾಡ್ತಾರೆ, ಇದನ್ನ ನಾನು ಒಪ್ಪೋದು ಅಂತ ಬೇಕಾದ್ರೆ ಇಟ್ಕೊಳ್ಳಿ. ನಾವು ಮಾಡಿದ್ದೇನು, ಪದ ಬದಲಾಯಿಸ್ತಾ ಹೋದ್ವಿ. ಅಂಗವಿಕಲ ಹೋಗಿ ವಿಕಲಚೇತನ, ಅದು ಸಾಲ್ದೆ ವಿಶೇಷಚೇತನ, ದಿವ್ಯಾಂಗ. ಪ್ರತಿ ಸಲ ನನ್ನ ಹಳೇ ಫೈಲಲ್ಲಿ ಫೈಂಡ್ ಅಂಡ್ ರಿಪ್ಲೇಸ್. ಬಸ್‌ ಸ್ಟಾಪಿನ ಮೆಟ್ಟಿಲು ಮಾತ್ರ ಅಲ್ಲೇ ಇದೆ.

ನಮ್ಮ ಸೋದರಮಾವ ಒಬ್ರಿದ್ದಾರೆ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ರ ಹಾರ್ಮೋನಿಯಂ ಕಲಿತವರು. ಹುಟ್ಟು ಕುರುಡು. ಗವಾಯಿಗಳಿಗೂ ಕಣ್ಣು ಕಾಣ್ತಿರಲಿಲ್ಲ, ಪದ್ಮಭೂಷಣ ಬಂತು, ಊರವರಿಗೆ ಅವರು ಯಾವಾಗ್ಲೂ ಅಜ್ಜಾರು, ಯಾವ ಗುಣವಾಚಕಾನೂ ಬೇಕಾಗಿರಲಿಲ್ಲ. ಮಾವ ಮನೆಗೆ ಯಾರೇ ಬರ್ಲಿ, ‘ನಾ ಕುರುಡ ಅದೀನ್ರಿ, ಚಾ ಎಲ್ಲಿ ಇಟ್ಟೀರಿ ಬಾಯಿ ಬಿಟ್ಟು ಹೇಳ್ರಿ’ ಅಂತಾನೇ ಶುರು ಮಾಡೋರು. ಹೇಳದೆ ಇಟ್ಟವರ ಚಹಾ ಎಷ್ಟೋ ಸಲ ಅವ್ರ ಪಂಚೆ ಮೇಲೆ ಬಿದ್ದಿದೆ. ಹೆಂಗಸರು ಯಾರಾದ್ರೂ ‘ಕಣ್ಣು ಸ್ವಲ್ಪ ಮಂಜು ಅಲ್ವಾ’ ಅಂತ ಮೆತ್ತಗೆ ಅಂದ್ರೆ ಅವ್ರಿಗೆ ಸಿಟ್ಟು ಬರೋದು. ‘ಮಂಜಲ್ಲವ್ವ, ಪೂರಾ ಕತ್ತಲಿ.’

ಹೋದ ವರ್ಷ ಅವ್ರಿಗೆ ಕಾರ್ಡ್ ಮಾಡ್ಸಕ್ಕೆ ಅರ್ಜಿ ತುಂಬ್ತಿದ್ದೆ, ಅದರ ಇಂಗ್ಲಿಷ್ ಏನೈತಿ ಓದು ಅಂದ್ರು. ‘ಪರ್ಸನ್ ವಿತ್ ಡಿಸೆಬಿಲಿಟಿ’ ಅಂತ ಓದ್ದೆ.

‘ವಿತ್ ಅಂದ್ರ?’

‘ಜೊತೆಗೆ ಅಂತ ಮಾಮಾ.’

ಸ್ವಲ್ಪ ಹೊತ್ತು ಸುಮ್ನಿದ್ರು. ‘ಅಂದ್ರ ನಾ ಹಾಡಾಂವ, ಅದು ತಬಲಾ ಸಾಥ್ ಕೊಟ್ಟಂಗ?’

ಹೂಂ, ಹಂಗೇ ಅಂದೆ.

‘ಇಷ್ಟ್ ವರ್ಷ ಕೂಡಿ ಬಾರಿಸೀವಿ, ಒಂದ್ ಸಲಾನೂ ತಾಳ ತಪ್ಪಿಲ್ಲ ನೋಡದು’ ಅಂದು ಹೆಬ್ಬೆಟ್ಟು ಮುಂದೆ ಚಾಚಿದ್ರು, ಇಂಕ್ ಪ್ಯಾಡ್ ಎಲ್ಲೈತಿ ಹೇಳೋ ಅಂತ.