ನನ್ನ ಮಗನಿಗೆ ಅವಸರ, ಅಕ್ಕನ ಮಗಳಿಗೆ ತಡ

ಹೋದ ಡಿಸೆಂಬರ್‌ನಲ್ಲಿ ಮಂಡ್ಯಕ್ಕೆ ಬಂದಿದ್ದಾಗ ಅಕ್ಕ ಒಂದು ಲೆಕ್ಕದ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಅವಳ ಮಗಳದು. 8ನೇ ಕ್ಲಾಸು. ಮೊದಲ ಸಾಲು ಮುತ್ತು ಪೋಣಿಸಿದ ಹಾಗಿತ್ತು. ಎರಡನೇ ಸಾಲಿನಲ್ಲಿ ಕೂಡುವ ಗುರುತು ಕಳೆಯುವ ಗುರುತಾಗಿತ್ತು. ಮೂರನೇ ಸಾಲು ಅರ್ಧಕ್ಕೇ ನಿಂತಿತ್ತು. ಅಲ್ಲಿಂದ ಅಂಚಿನ ತುಂಬಾ ಪೆನ್ಸಿಲ್ಲಿನ ಪುಟ್ಟ ಪುಟ್ಟ ಮೀನುಗಳು. ಕೆಳಗೆ ಕೆಂಪು ಇಂಕಿನಲ್ಲಿ ‘ಕೇರ್‌ಲೆಸ್’. ಪುಟ ತಿರುಗಿಸಿದರೆ ಮತ್ತೆ ಅದೇ ಕಥೆ.

ಈ ಹುಡುಗಿ ಯಾರಿಗೂ ತೊಂದರೆ ಕೊಟ್ಟವಳಲ್ಲ. ಕ್ಲಾಸಿನಲ್ಲಿ ಎದ್ದು ಓಡಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಾಳೆ. ‘ಕರೆದ್ರೆ ಮೂರನೇ ಸಲಕ್ಕೆ ಓ ಅಂತಾಳೆ ಕಣೋ’ ಅಂದಳು ಅಕ್ಕ. ವರ್ಷಕ್ಕೆ ನಾಲ್ಕು ನೀರಿನ ಬಾಟಲಿ ಕಳೆಯುತ್ತಾಳೆ. ಟೀಚರ್‌ಗಳು ‘ಬುದ್ಧಿ ಇದೆ, ಉಪಯೋಗಿಸಲ್ಲ’ ಅಂತ ಪ್ರತಿ ವರ್ಷ ಬರೆದು ಕಳಿಸಿದ್ದಾರೆ. ನಮ್ಮವ್ವ ‘ದೊಡ್ಡವಳಾದ್ಮೇಲೆ ಸರಿಹೋಯ್ತಳೆ ಬುಡ್ಲಾ’ ಅನ್ನುತ್ತಲೇ ಬಂದಿದೆ.

ನಾನಿರುವುದು ಟೆಕ್ಸಾಸಿನಲ್ಲಿ. ಅಲ್ಲಿ ನನ್ನ ಮಗನ ವಿಷಯದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸೆಪ್ಟೆಂಬರ್ 1ಕ್ಕೆ 5 ವರ್ಷ ತುಂಬಿದ್ದರೆ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು. ನನ್ನ ಮಗ ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಖುಷಿಯಿಂದ ಸೇರಿಸಿಬಿಟ್ಟೆವು. ಎರಡೇ ತಿಂಗಳಿಗೆ ಶಾಲೆಯಿಂದ ಕರೆ ಬಂತು. ಕಥೆ ಹೇಳುವಾಗ ಜಮಖಾನದ ಮೇಲೆ ಕೂರುವುದಿಲ್ಲ, ಸಾಲಿನಲ್ಲಿ ನಿಲ್ಲುವುದಿಲ್ಲ, ಶೂ ಬಿಚ್ಚಿ ಬಿಚ್ಚಿ ಹಾಕುತ್ತಾನೆ ಅಂದರು. ಕೈಗೊಂದು ಫಾರಂ ಬಂತು. 55 ಪ್ರಶ್ನೆ. ಪ್ರತಿಯೊಂದು ನಡವಳಿಕೆಗೂ 0ಯಿಂದ 3ರವರೆಗೆ ಅಂಕ ಕೊಡಬೇಕು. ಡಾಕ್ಟರ್ ಹತ್ತಿರ 20 ನಿಮಿಷ ಕೂತಿದ್ದೆವು. ಏಳುವ ಹೊತ್ತಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಅನ್ನುವ ಮಾತು ಬಂದಿತ್ತು, ಮಾತ್ರೆಯ ಮಾತೂ ಬಂದಿತ್ತು. ಅಷ್ಟು ಚಿಕ್ಕ ಮಕ್ಕಳಿಗೆ ಮೊದಲು ತಂದೆತಾಯಿಗೆ ತರಬೇತಿ, ಮಾತ್ರೆ ಆಮೇಲೆ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಅದು ನಮಗೆ ಆಗ ಗೊತ್ತಿರಲಿಲ್ಲ. ನನ್ನ ಹೆಂಡತಿ ‘ಒಂದು ವರ್ಷ ನೋಡೋಣ’ ಅಂದಳು. ನೋಡಿದೆವು. ಈಗ ಅವನಿಗೆ 9. ಗಂಟೆಗಟ್ಟಲೆ ಕೂತು ಓದುತ್ತಾನೆ. ಅವನಿಗಿದ್ದದ್ದು ಕಾಯಿಲೆಯಲ್ಲ, ವಯಸ್ಸು. ಪಕ್ಕದಲ್ಲಿ ಕೂತಿದ್ದ ಮಗು ಅವನಿಗಿಂತ ಹನ್ನೊಂದು ತಿಂಗಳು ದೊಡ್ಡದು. 5 ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಆಯಸ್ಸಿನ ಆರನೇ ಒಂದು ಪಾಲಿಗಿಂತ ಜಾಸ್ತಿ, ಕಡಿಮೆ ಏನಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ ಅಂತ ಆಮೇಲೆ ತಿಳಿಯಿತು. ಸೆಪ್ಟೆಂಬರ್ 1ರ ನಿಯಮ ಇರುವ ರಾಜ್ಯಗಳ ಮಕ್ಕಳನ್ನು ಹಾರ್ವರ್ಡ್‌ನವರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಆಗಸ್ಟ್‌ನಲ್ಲಿ ಹುಟ್ಟಿದವರಿಗೆ ಎಡಿಎಚ್‌ಡಿ ಅಂತ ಹೇಳುವುದು ಶೇ. 34ರಷ್ಟು ಜಾಸ್ತಿ. ಅಂಥ ನಿಯಮ ಇಲ್ಲದ ರಾಜ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹುಟ್ಟಿದ ತಿಂಗಳು ಮೆದುಳನ್ನು ಕೆಡಿಸುವುದಿಲ್ಲ ಅಲ್ವಾ? ಯಾರ ಪಕ್ಕ ಕೂರಿಸಿ ಅಳೆದೆವು ಅನ್ನುವುದು ಅಳತೆಯನ್ನು ಕೆಡಿಸುತ್ತದೆ.

ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ನಮ್ಮ ಕಾಲದಲ್ಲಿ ಇದೆಲ್ಲಿತ್ತು? ಈಗ್ಯಾಕೆ ಎಲ್ಲರ ಮಕ್ಕಳಿಗೂ? ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದ ಸರ್ಕಾರಿ ಸಮೀಕ್ಷೆಯಲ್ಲಿ ‘ನಿಮ್ಮ ಮಗುವಿಗೆ ಎಡಿಎಚ್‌ಡಿ ಇದೆ ಅಂತ ಡಾಕ್ಟರ್ ಹೇಳಿದ್ದಾರಾ’ ಅಂತ ಕೇಳಿದಾಗ 2003ರಲ್ಲಿ ನೂರಕ್ಕೆ ಸುಮಾರು 8 ಮಕ್ಕಳ ಮನೆಯವರು ಹೌದು ಅಂದಿದ್ದರು. 2011ಕ್ಕೆ ಅದು 11 ಆಯಿತು. 2022ರಲ್ಲಿ 11.4, ಅಂದರೆ ಸುಮಾರು 70 ಲಕ್ಷ ಮಕ್ಕಳು. ಆದರೆ ಜಗತ್ತಿನ ಮೂವತ್ತು ವರ್ಷಗಳ ಸಮೀಕ್ಷೆಗಳನ್ನು ಒಟ್ಟು ಹಾಕಿ, ಒಂದೇ ಅಳತೆಗೋಲಿನಲ್ಲಿ ನೋಡಿದ 2014ರ ಅಧ್ಯಯನಕ್ಕೆ ಕಾಯಿಲೆ ಹೆಚ್ಚಾದ ಕುರುಹು ಸಿಗಲಿಲ್ಲ. ಹೇಳಿಸಿಕೊಂಡವರು ಹೆಚ್ಚಾಗಿದ್ದಾರೆ, ಇರುವವರು ಅಷ್ಟೇ ಇದ್ದಾರೆ. ನನಗೆ ಇದು ನಿಜ ಅನ್ನಿಸುತ್ತದೆ, ಯಾಕೆಂದರೆ ನಮ್ಮ ಕ್ಲಾಸಿನಲ್ಲೂ ಒಬ್ಬನಿದ್ದ.

ಪಾದರಸ ಅಂತಲೇ ಕರೆಯುತ್ತಿದ್ದೆವು. ಮೇಷ್ಟ್ರ ಕೋಲು ಜಾಸ್ತಿ ಕಂಡದ್ದು ಅವನ ಅಂಗೈ. ದಿನದ ಅರ್ಧ ಬಾಗಿಲಾಚೆ ನಿಂತಿರುತ್ತಿದ್ದ. 7ನೇ ಕ್ಲಾಸಿಗೆ ಶಾಲೆ ಬಿಟ್ಟು ಆಲೆಮನೆಗೆ ಸೇರಿದ. ಅಲ್ಲಿ ಒಮ್ಮೆ ಅವನನ್ನು ನೋಡಿದ್ದೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಓಡಿ ಹೋಗಿ ಒಲೆಗೆ ಸೋಗೆ ತುಂಬಿದ, ಅಲ್ಲಿಂದ ಕೊಪ್ಪರಿಗೆಯ ನೊರೆ ತೆಗೆಯಲು ಹೋದ. ಯಾರೂ ಅವನಿಗೆ ಕೂತ್ಕೋ ಅನ್ನಲಿಲ್ಲ. ಅವನಿಗೆ ಎಡಿಎಚ್‌ಡಿ ಇತ್ತು ಅಂತ ನಾನು ಹೇಳಲಾರೆ. ಆದರೆ ಶಾಲೆ ಅವನನ್ನು ಕಳೆದುಕೊಂಡಿತು. ಆಗ ಶಾಲೆ ಬಿಟ್ಟವರನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇವತ್ತು ಎಲ್ಲ ಮಕ್ಕಳೂ 10ನೇ ಕ್ಲಾಸಿನವರೆಗೆ ಕೂರಲೇಬೇಕು, ಸಂಜೆ ಟ್ಯೂಷನ್‌ನಲ್ಲೂ ಕೂರಬೇಕು. ಕೂರಲಾಗದವರು ಈಗ ಕಣ್ಣಿಗೆ ಬೀಳುತ್ತಿದ್ದಾರೆ.

ವ್ಯಾಖ್ಯೆಯೂ ಅಗಲವಾಗಿದೆ. 1968ರ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಓಡಾಡುವ, ಕುಣಿದಾಡುವ ಮಕ್ಕಳ ತೊಂದರೆ. 1980ರಲ್ಲಿ ಕುಣಿದಾಡದೆ ಬರೀ ಗಮನ ತಪ್ಪುವವರೂ ಒಳಗೆ ಬಂದರು. ಲಕ್ಷಣಗಳು 7 ವರ್ಷದೊಳಗೆ ಕಾಣಿಸಬೇಕು ಅಂತ ಇದ್ದದ್ದು 2013ರಲ್ಲಿ 12 ಆಯಿತು. ಆಟಿಸಂ ಇರುವ ಮಗುವಿಗೆ ಇದನ್ನೂ ಹೇಳಬಹುದು ಅಂತಾಯಿತು. ನನ್ನ ಅಕ್ಕನ ಮಗಳಂಥ ಹುಡುಗಿಯರು ಕಾಣಿಸಿದ್ದು ಈ ಬದಲಾವಣೆಗಳಿಂದಲೇ.

ಇನ್ನೊಂದು ಕಾರಣ ಅಮೆರಿಕದಲ್ಲಿ ಇದ್ದು ನೋಡಿದ್ದು. ಅಲ್ಲಿ ಈ ಹೆಸರು ಬಾಗಿಲು ತೆರೆಯುತ್ತದೆ. 1991ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಎಡಿಎಚ್‌ಡಿ ಇರುವ ಮಕ್ಕಳಿಗೂ ವಿಶೇಷ ಶಿಕ್ಷಣದ ನೆರವು ಸಿಗಬಹುದು ಅಂತ ಸ್ಪಷ್ಟ ಮಾಡಿತು. ಮುಂದಿನ ಬೆಂಚು, ಪರೀಕ್ಷೆಗೆ ಹೆಚ್ಚು ಸಮಯ, ಮಧ್ಯೆ ಎದ್ದು ಓಡಾಡಲು ಬಿಡುವು, ಇದನ್ನೆಲ್ಲ ಶಾಲೆ ಬರವಣಿಗೆಯಲ್ಲಿ ಕೊಡುತ್ತದೆ. ಮಗುವಿನ ಕಷ್ಟಕ್ಕೆ ನೆರವು ಬೇಕಾದರೆ ಹೆಸರು ಬೇಕು. ಹಾಗಾಗಿ ಹೆಸರು ಕೇಳುವವರು ಹೆಚ್ಚಾದರು. ಟಿವಿಯಲ್ಲಿ ಮಾತ್ರೆಯ ಜಾಹೀರಾತು ಬರುವ ದೇಶವೂ ಅದು.

ಇಲ್ಲಿ ಅಕ್ಕ ಕೇಳಿದ್ದು ‘ಹೆಸ್ರು ತಗೊಂಡು ಏನ್ ಮಾಡ್ಲಿ?’ ಅಂತ. ಕೇಳುವುದರಲ್ಲಿ ತಪ್ಪೇನಿದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ. ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಅಂತ ಬೇರೆ ಸಾಲು ಇಲ್ಲ. ಇದು ಬದಲಾಗಲೇಬೇಕು ಅಂತ ನಾನು ನಂಬುತ್ತೇನೆ.

ಆದರೂ ನಾನು ಹಟ ಹಿಡಿದು ಅವರಿಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋದೆ, ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ. ಮೊದಲು ಕಿವಿ ಪರೀಕ್ಷೆ. ಕರೆದರೆ ಓಗೊಡದ ಮಗುವಿಗೆ ಕೇಳಿಸುತ್ತದಾ ಅಂತ ಮೊದಲು ನೋಡಬೇಕಲ್ವಾ? ಕಿವಿ ಸರಿಯಿತ್ತು. ನಿದ್ದೆ ಹೇಗೆ ಅಂತ ಕೇಳಿದರು. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಹೇಗಿದೆ ಅಂತ ಬೇರೆ ಕಡೆ ಪರೀಕ್ಷೆ ಮಾಡಿಸಿದೆವು. 1ನೇ ಕ್ಲಾಸಿನಿಂದ ಬಂದ ಮಾರ್ಕ್ಸ್ ಕಾರ್ಡುಗಳನ್ನು ತರಲು ಹೇಳಿದರು. ಮನಃಶಾಸ್ತ್ರಜ್ಞೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು, ಅಕ್ಕನ ಜೊತೆ ಬೇರೆ. ಒಂದೇ ದಿನಕ್ಕೆ ಮುಗಿಯಲಿಲ್ಲ, ಮೂರು ಸಲ ಹೋದೆವು. ಕೊನೆಗೆ ಎಡಿಎಚ್‌ಡಿ, ಗಮನ ತಪ್ಪುವ ಬಗೆ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಶ್ರೀರಂಗಪಟ್ಟಣ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಹಂಗಾದ್ರೆ ಎಂಟು ವರ್ಷ ಸುಮ್ನೆ ಹೊಡ್ದ್ನಲ್ಲೋ’ ಅಂದಳು. ಮಗಳು ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು.

ಬೀದಿಯಲ್ಲಿ ಅಕ್ಕನಿಗೆ ಸಿಕ್ಕ ಮಾತು ಬೇರೆ. ತಾಯಿ ಮೊಬೈಲ್ ಕೊಟ್ಟು ಹಾಳು ಮಾಡಿದಳು ಅಂದರು. ಸಿಹಿ ಜಾಸ್ತಿ ತಿನ್ನಿಸಿದಳು ಅಂದರು. ಸಕ್ಕರೆ ಊರಿನವನಾಗಿ ಹೇಳುತ್ತೇನೆ, ಸಕ್ಕರೆ ಮಕ್ಕಳನ್ನು ಹೀಗೆ ಮಾಡುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ 1995ರಲ್ಲೇ ಅದು ತೀರ್ಮಾನವಾಗಿದೆ. ಮೊಬೈಲ್ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮಗುವಿನ ಗಮನ ಓಡುತ್ತದೆ, ಅದು ನಿಜ. ರಾತ್ರಿ ಮೊಬೈಲ್ ಕಿತ್ತಿಡಿ. ಆದರೆ ಈ ತೊಂದರೆಯಲ್ಲಿ ವಂಶದ ಪಾಲೇ ದೊಡ್ಡದು. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಅದು ಶೇ. 70ರಿಂದ 80ರವರೆಗೆ ಬರುತ್ತದೆ. ತಾಯಿಯನ್ನು ಬೈಯುವುದನ್ನು ದಯವಿಟ್ಟು ನಿಲ್ಲಿಸಿ.

ಮಂಡ್ಯದಲ್ಲಿ ಈಗ ಅಮೆರಿಕದ ಅವಸರವೂ ಕಾಲಿಡುತ್ತಿದೆ, ನನ್ನನ್ನು ಹೆದರಿಸುವುದು ಅದು. ನಮ್ಮಲ್ಲಿ ಜೂನ್ 1ಕ್ಕೆ ವಯಸ್ಸು ಎಣಿಸುತ್ತಾರೆ. ಅಂದರೆ ಅಲ್ಲಿನ ಆಗಸ್ಟ್ ಮಗು ಇಲ್ಲಿ ಮೇ ತಿಂಗಳ ಮಗು. 1ನೇ ಕ್ಲಾಸಿಗೆ 6 ವರ್ಷ ತುಂಬಿರಬೇಕು ಅಂದಾಗ ‘ಒಂದು ವರ್ಷ ವೇಸ್ಟ್’ ಅಂತ ಎಷ್ಟು ಜನ ಕೂಗಾಡಿದರು! 2025ರಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿದರು. ಬೇಗ ಸೇರಿಸಿ, ಆಮೇಲೆ ಅದೇ ಮಗುವನ್ನು ಕೂರಲ್ಲ ಅಂತ ಡಾಕ್ಟರ್ ಹತ್ತಿರ ಕರೆದೊಯ್ಯುವುದು ಮಗುವಿಗೆ ಮಾಡುವ ಅನ್ಯಾಯ. ನಾನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅಕ್ಕನ ಮಗಳಿಗೆ ಈಗ ತಿಂಗಳಿಗೊಮ್ಮೆ ಮೈಸೂರು. ಮಾತ್ರೆ ಬೇಕಾ ಅನ್ನುವುದನ್ನು ಮನೋವೈದ್ಯರು ನೋಡುತ್ತಿದ್ದಾರೆ, ಬೇಕಾದರೆ ಕೊಡಿಸುತ್ತೇವೆ. ಲೆಕ್ಕದ ಮೇಡಂ ಯಾವ ಕಾಯ್ದೆಯನ್ನೂ ಕಾಯದೆ ಅವಳನ್ನು ಕಿಟಕಿಯಿಂದ ಮುಂದಿನ ಬೆಂಚಿಗೆ ತಂದರು. ಒಂದು ಸಲಕ್ಕೆ ಒಂದೇ ಲೆಕ್ಕ ಕೊಡುತ್ತಾರೆ, ಮುಗಿಸಿದ ಮೇಲೆ ಇನ್ನೊಂದು. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನೋಟ್‌ಬುಕ್ ಹಿಡಿದು ತೋರಿಸಿದಳು. ಐದು ಲೆಕ್ಕದಲ್ಲಿ ನಾಲ್ಕು ಪೂರ್ತಿ. ಐದನೆಯದರ ಪಕ್ಕ ಒಂದು ಮೀನಿತ್ತು. ಮೇಡಂ ಅದಕ್ಕೂ ಟಿಕ್ ಹಾಕಿದ್ದರು.