ಇನ್ನೊಂಚೂರು ನೀಲಿ

"ಸರ್, ಒಂದು ಚಿಕ್ಕ ಹೆಲ್ಪ್" ಎಂದು ಶುರುವಾದ ಯಾವ ಮೆಸೇಜೂ ಚಿಕ್ಕದಾಗಿ ಮುಗಿದದ್ದನ್ನು ನಾನು ಕಂಡಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ಇನ್ನೇನು ದೀಪ ಆರಿಸಬೇಕು ಅನ್ನುವಾಗ ಬಂದದ್ದು ಹದಿನಾಲ್ಕನೆಯದು. ಹದಿನಾಲ್ಕೂ ಒಬ್ಬರವೇ, ಹದಿನಾಲ್ಕೂ ಒಂದೇ ಬಣ್ಣದ ಬಗ್ಗೆ.

ನಾನು ಡೆಸ್ಕ್‌ಟಾಪ್ ಥೀಮ್, ಅಂದರೆ ಕಂಪ್ಯೂಟರ್ ಪರದೆಗೆ ತೊಡಿಸುವ ವೇಷ, ಮಾಡುವವನು. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಇದು ಹುಚ್ಚಿಗೆ. ಮನೆಯವರೆಲ್ಲ ಮಲಗಿದ ಮೇಲೆ ಕೂತು ವಿಂಡೋ ಅಂಚು, ಬಟನ್ನು, ಐಕಾನು ತಿದ್ದಿ ತೀಡಿ, ಕೇಳಿದವರಿಗೆ ಪುಕ್ಕಟೆ ಕೊಡುತ್ತೇನೆ. ಪುಕ್ಕಟೆ ಕೊಡುವವನಿಗೆ ನಿದ್ದೆಯೂ ಬೇಡ ಎಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ. "ಸ್ವಲ್ಪ ಅರ್ಜೆಂಟ್" ಅನ್ನುತ್ತಾರೆ. ಥೀಮಿಗೆ ಏನ್ರೀ ಅರ್ಜೆಂಟು? ಯಾವ ಸಿಸ್ಟಂ ಅಂತ ಕೇಳಿದರೆ "ಕಪ್ಪು ಬಣ್ಣದ್ದು ಸರ್, ಹೋದ ವರ್ಷ ತಗೊಂಡಿದ್ದು" ಎಂಬ ಉತ್ತರ. ವಿಂಡೋಸಿಗೆ ಮಾಡಿದ್ದು ಲಿನಕ್ಸಿಗೆ ಕೂರುವುದಿಲ್ಲ. ಲಿನಕ್ಸ್ ಒಳಗೂ ಗ್ನೋಮ್, ಕೆಡಿಇ ಎಂದು ಬೇರೆ ಬೇರೆ ಡೆಸ್ಕ್‌ಟಾಪುಗಳಿವೆ, ಗ್ನೋಮ್‌ಗೆ ಹೊಲಿದ ಅಂಗಿ ಕೆಡಿಇಗೆ ಆಗುವುದಿಲ್ಲ. ಒಂದು ಬಟನ್ ಎಂದರೆ ಒಂದು ಚಿತ್ರವೂ ಅಲ್ಲ. ಸುಮ್ಮನಿದ್ದಾಗ ಒಂದು ರೂಪ, ಮೌಸ್ ಮೇಲೆ ಬಂದಾಗ ಇನ್ನೊಂದು, ಒತ್ತಿದಾಗ ಮತ್ತೊಂದು, ಒತ್ತಲಾಗದೆ ಮಂಕಾಗಿ ಕೂತಾಗ ಮಗದೊಂದು. ಐಕಾನುಗಳ ಕಥೆ ಬೇಡವೇ ಬೇಡ. 256 ಪಿಕ್ಸೆಲ್‌ನಲ್ಲಿ ಚೆಂದ ಕಂಡ ಕಸದ ಬುಟ್ಟಿ 16 ಪಿಕ್ಸೆಲ್‌ಗೆ ಇಳಿದಾಗ ಹಲ್ಲು ಬಿದ್ದ ಅಜ್ಜನಂತೆ ಕಾಣುತ್ತದೆ. ಅದನ್ನು ಚುಕ್ಕಿ ಚುಕ್ಕಿಯಾಗಿ ಮತ್ತೆ ಬರೆಯಬೇಕು.

ಇರಲಿ, ನಮ್ಮ ನೀಲಿ ಮಹಾಶಯರ ವಿಷಯಕ್ಕೆ ಬರುತ್ತೇನೆ.

"ಟೈಟಲ್ ಬಾರ್ ನೀಲಿ ಇರಲಿ ಸರ್."

"ಯಾವ ನೀಲಿ?"

"ಒಳ್ಳೇ ನೀಲಿ."

ಪರದೆಯ ಬಣ್ಣವನ್ನೆಲ್ಲ ಬೆರೆಸುವ ಕೆಂಪು, ಹಸಿರು, ನೀಲಿಗೆ ತಲಾ 256 ಹಂತ ಎಂದು ಲೆಕ್ಕ ಹಾಕಿದರೆ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು? ಕಲರ್ ಕೋಡ್ ಕಳಿಸಿ, ಆರೇ ಅಕ್ಷರ ಎಂದೆ. ಅವರು ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದರು. ಪರದೆ ತುಂಬ ಕಾಮನಬಿಲ್ಲಿನ ಗೆರೆಗಳು, ಮೇಲೊಂದು ಟ್ಯೂಬ್‌ಲೈಟಿನ ಹೊಳಪು, ನಡುವೆ ಫೋನ್ ಹಿಡಿದ ಅವರವೇ ಎರಡು ಕೈ. ನಾನು ಮಾಡಿಕೊಟ್ಟ ನೀಲಿ ಅದರಲ್ಲಿ ಪಾಚಿಗಟ್ಟಿದ ಬಾವಿಯಂತಿತ್ತು. ಕೆಳಗೆ ಬರೆದಿದ್ದರು: "ಇನ್ನೊಂಚೂರು ನೀಲಿ ಬೇಕು ಸರ್."

ಫೋಟೋ ಬೇಡ, ಸ್ಕ್ರೀನ್‌ಶಾಟ್ ಕಳಿಸಿ ಎಂದೆ. ಕಳಿಸಿದರು. ಅಪ್ಪಟ ನೀಲಿ! "ಸರಿಯಾಗೇ ಇದೆಯಲ್ಲ" ಅಂದರೆ ಮತ್ತೆ ಫೋಟೋ, ಮತ್ತೆ ಪಾಚಿ, ಮತ್ತೆ ಇನ್ನೊಂಚೂರು. ನಾನೂ ಇನ್ನೊಂಚೂರು ಇನ್ನೊಂಚೂರು ಎನ್ನುತ್ತ ಒಂಬತ್ತು ನೀಲಿ ಮಾಡಿದೆ. ಬೆಳಿಗ್ಗೆ "ಸೂಪರ್ ಸರ್, ಇದೇ ಬೇಕಾಗಿತ್ತು" ಎಂದವರು ಸಂಜೆಗೆ "ಸರ್, ಮತ್ತೆ ಹಸಿರಾಗಿದೆ. ನೀವೇನಾದ್ರೂ ಅಲ್ಲಿಂದಾನೇ ಚೇಂಜ್ ಮಾಡಿದ್ರಾ?" ಅನ್ನುತ್ತಿದ್ದರು. ಕೂತಲ್ಲಿಂದಲೇ ಅವರ ಕಂಪ್ಯೂಟರಿಗೆ ಏನಾದರೂ ಮಾಡುವ ಶಕ್ತಿ ನನಗಿದ್ದಿದ್ದರೆ ಬರೀ ಬಣ್ಣ ಬದಲಿಸಿ ಸುಮ್ಮನಾಗುತ್ತಿದ್ದೆನೇ?

ನಾನು ಮಾಡಿದ ಮೊಟ್ಟಮೊದಲ ಥೀಮ್ ಯಾರೂ ಕೇಳಿ ಮಾಡಿಸಿಕೊಂಡದ್ದಲ್ಲ. ಯಾರೋ ಗುರುತಿಲ್ಲದವರು ಅದನ್ನು ಹಾಕಿಕೊಂಡು ತಮ್ಮ ಡೆಸ್ಕ್‌ಟಾಪಿನ ಚಿತ್ರ ಕಳಿಸಿದ್ದರು. ಹಿನ್ನೆಲೆಯಲ್ಲಿ ಮಗುವಿನ ಫೋಟೋ, 'ಲೋನ್' ಎಂಬ ಹೆಸರಿನ ಫೋಲ್ಡರು, ಮೂಲೆಯಲ್ಲಿ ನಾನು ಮೂರು ರಾತ್ರಿ ಕೂತು ಬರೆದ ಪುಟಾಣಿ ಕ್ಲೋಸ್ ಬಟನ್ನು. "ದಿನಾ ಒತ್ತುತ್ತೇನೆ" ಎಂದಷ್ಟೇ ಬರೆದಿದ್ದರು. ಆ ಚಿತ್ರ ಇನ್ನೂ ನನ್ನ ಹತ್ತಿರ ಇದೆ.

ನಿನ್ನೆ ಮಾತ್ರ ತಲೆ ಕೆಟ್ಟಿತು. ಖಾರವಾಗಿಯೇ ಉತ್ತರ ಬರೆಯೋಣವೆಂದು ಅವರ ಫೋಟೋಗಳನ್ನೆಲ್ಲ ಸಾಲಾಗಿ ತೆರೆದಿಟ್ಟೆ. ಆಗ ಕಣ್ಣಿಗೆ ಬಿದ್ದದ್ದು ಪರದೆಯ ಮೂಲೆಯ ಗಡಿಯಾರ. 7:40, 9:15, 8:05, 11:20. ಎಲ್ಲವೂ ರಾತ್ರಿಯವು. ನೈಟ್ ಲೈಟ್! ಕತ್ತಲಾದ ಕೂಡಲೇ ನೀಲಿ ಬೆಳಕನ್ನು ತಗ್ಗಿಸಿ ಪರದೆಯನ್ನೆಲ್ಲ ಹಳದಿ ಮಾಡುವ ಆ ಸೆಟ್ಟಿಂಗು. ಅದು ಸ್ಕ್ರೀನ್‌ಶಾಟಿನಲ್ಲಿ ಬೀಳುವುದಿಲ್ಲ, ಪರದೆಯ ಮೇಲೆ ಮಾತ್ರ ಕಾಣುತ್ತದೆ. ಅಂದರೆ ನಾನು ಇಷ್ಟು ದಿನ ನಕ್ಕ ಆ ಮೊಬೈಲ್ ಫೋಟೋವೇ ನಿಜ ಹೇಳುತ್ತಿತ್ತು, ನಾನು ಹಟ ಮಾಡಿ ತರಿಸಿಕೊಂಡ ಸ್ಕ್ರೀನ್‌ಶಾಟೇ ನನ್ನ ದಾರಿ ತಪ್ಪಿಸಿದ್ದು. ಬರೆದ ಖಾರವನ್ನೆಲ್ಲ ಅಳಿಸಿ, "ನೈಟ್ ಲೈಟ್ ಆಫ್ ಮಾಡಿ ನೋಡಿ" ಎಂದು ಒಂದೇ ಸಾಲು ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಈಗ ಕರೆಕ್ಟ್ ಸರ್! ನೀವು ಮೊದಲು ಕೊಟ್ಟಿದ್ರಲ್ಲ, ಆ ನೀಲಿನೂ ಹಾಕಿ ನೋಡಿದೆ. ಅದೇ ಚೆನ್ನಾಗಿತ್ತು."

ಫೋನು ಕೆಳಗಿಟ್ಟು ದೀಪ ಆರಿಸಿದೆ. ಮತ್ತೆ ಟಿಂಗ್ ಎಂದಿತು.

"ಆದ್ರೆ ಸರ್, ಬೆಳಕು ಕಣ್ಣಿಗೆ ಹೊಡೀತಾ ಇದೆ. ಥೀಮನ್ನ ಇನ್ನೊಂಚೂರು ಹಳದಿ ಮಾಡಕ್ಕಾಗುತ್ತಾ?"